ಸಬೋನಿಸ್ ಹಿಮ್ಮಡಿಯ ಹುರಿ

ಕಾಲು ಉಳುಕಿದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ನರ ಎಳೆದಿದೆ’. ತಕ್ಷಣ ಎಣ್ಣೆ ಬಿಸಿಯಾಗುತ್ತದೆ, ನೀವುವವರು ಬರುತ್ತಾರೆ. ನನಗಂತೂ ರೇಗುತ್ತದೆ. ನರದ ಕೆಲಸ ಸುದ್ದಿ ಮುಟ್ಟಿಸುವುದು. ಭಾರ ಎಳೆಯುವ ಹುರಿಯೇ ಬೇರೆ, ಪುಸ್ತಕದ ಭಾಷೆಯಲ್ಲಿ ಸ್ನಾಯುರಜ್ಜು. ಹಿಮ್ಮಡಿಯ ಸ್ವಲ್ಪ ಮೇಲೆ ಎರಡು ಬೆರಳಲ್ಲಿ ಹಿಡಿದು ನೋಡಿ. ಬಿಗಿದ ಹಗ್ಗದ ಹಾಗೆ ಸಿಗುತ್ತದಲ್ವಾ? ಅದೇ ಅಕಿಲಿಸ್ ಹುರಿ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿಹಾಕಿರುವುದು ಅದು.

ಈ ಹುರಿಯ ಮಾತು ಬಂದರೆ ನನಗೆ ಮೊದಲು ನೆನಪಾಗುವುದು ಬಾಸ್ಕೆಟ್‌ಬಾಲ್ ಆಟಗಾರ ಅರ್ವಿದಾಸ್ ಸಬೋನಿಸ್. 1964ರ ಡಿಸೆಂಬರ್‌ನಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಲಿಥುವೇನಿಯಾದ ಕೌನಾಸ್‌ನಲ್ಲಿ ಹುಟ್ಟಿದ. ಎತ್ತರ 2.21 ಮೀಟರ್. ಅಷ್ಟುದ್ದದ ದೇಹ ಇಟ್ಟುಕೊಂಡು ಗಿಡ್ಡ ಆಟಗಾರರ ಹಾಗೆ ಓಡುತ್ತಿದ್ದ, ಬೆನ್ನ ಹಿಂದಿನಿಂದ ಪಾಸ್ ಕೊಡುತ್ತಿದ್ದ. ಅವನಿದ್ದ ಕೌನಾಸ್‌ನ ಜಲ್ಗಿರಿಸ್ ತಂಡ 1985, 86, 87, ಸತತ ಮೂರು ವರ್ಷ ಸೋವಿಯತ್ ಚಾಂಪಿಯನ್. ಆ ಹೊತ್ತಿನಲ್ಲೇ ಹುರಿ ಹರಿಯಿತು. ಒಂದಲ್ಲ, ಎರಡು ಸಲ.

ಈ ಹುರಿ ಮಾಡಿರುವುದು ಕೊಲಾಜನ್ ಎಂಬ ಪ್ರೋಟೀನಿನಿಂದ. ತೆಂಗಿನ ನಾರಿನ ಹಗ್ಗ ನೆನಪಿಸಿಕೊಳ್ಳಿ: ಸಣ್ಣ ಎಳೆಗಳು ಸೇರಿ ದಾರ, ದಾರಗಳು ಸೇರಿ ಹಗ್ಗ. ಇಲ್ಲೂ ಹಾಗೇ. ಆದರೆ ಹಗ್ಗ ಅಂದರೆ ಅರ್ಧ ಹೇಳಿದ ಹಾಗಾಯಿತು. ಓಡುವಾಗ ಇದು ಚಾಟರ್‌ಬಿಲ್ಲಿನ ರಬ್ಬರಿನಂತೆ ಹಿಗ್ಗಿ, ಶಕ್ತಿಯನ್ನು ಕೂಡಿಟ್ಟುಕೊಂಡು, ಕಾಲು ನೆಲ ಬಿಡುವಾಗ ವಾಪಸ್ ಕೊಡುತ್ತದೆ. ಹಾಗೆ ಓಡುವಾಗ ಅದರ ಮೇಲೆ ಬೀಳುವ ಎಳೆತ ದೇಹದ ತೂಕದ ಹಲವು ಪಟ್ಟು. ಇಷ್ಟು ದುಡಿದರೂ ಅದಕ್ಕೆ ರಕ್ತ ಹರಿಯುವುದು ಕಡಿಮೆ. ಅದಕ್ಕೇ ಗಾಯ ಮಾಯುವುದು ನಿಧಾನ.

ಇನ್ನೊಂದು ವಿಷಯ ಇದೆ, ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 1950ರ ದಶಕದಲ್ಲಿ, 60ರ ದಶಕದ ಮೊದಲಲ್ಲಿ ಅಮೆರಿಕವೂ ಸೋವಿಯತ್ ಒಕ್ಕೂಟವೂ ಬಯಲಲ್ಲೇ ಅಣುಬಾಂಬ್ ಸಿಡಿಸುತ್ತಿದ್ದವು. ಗಾಳಿಯಲ್ಲಿ ಕಾರ್ಬನ್-14, ಅಂದರೆ ಇಂಗಾಲದ ವಿಕಿರಣಶೀಲ ರೂಪ, ಹೆಚ್ಚುಕಡಿಮೆ ಎರಡರಷ್ಟಾಯಿತು. ಬಯಲಲ್ಲಿ ಬಾಂಬ್ ಸಿಡಿಸಬಾರದು ಎಂಬ 1963ರ ಒಪ್ಪಂದದ ನಂತರ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ತಟ್ಟೆಗೆ, ತಟ್ಟೆಯಿಂದ ನಮ್ಮ ಮೈಗೆ. ಹಾಗಾಗಿ ಮೈಯ ಯಾವ ಭಾಗ ಯಾವ ಕಾಲದಲ್ಲಿ ಕಟ್ಟಿದ್ದು ಅಂತ ಅದರ ಕಾರ್ಬನ್ನೇ ಹೇಳುತ್ತದೆ, ಹಾಲಿನ ಪ್ಯಾಕೆಟ್ ಮೇಲಿನ ತಾರೀಖಿನ ಹಾಗೆ. ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಅಕಿಲಿಸ್ ಹುರಿಯ ತಾರೀಖು ಓದಿದರು. ಅದರ ತಿರುಳು ಕಟ್ಟಿ ಮುಗಿಯುವುದು ಸುಮಾರು ಹದಿನೇಳರ ವಯಸ್ಸಿಗೆ. ಆಮೇಲೆ ಅದು ಹೊಸದಾಗುವುದೇ ಇಲ್ಲ ಅನ್ನಬಹುದು. ಚರ್ಮ ಬದಲಾಗುತ್ತದೆ, ರಕ್ತ ಬದಲಾಗುತ್ತದೆ, ಮೂಳೆಯೂ ನಿಧಾನವಾಗಿ ಬದಲಾಗುತ್ತದೆ. ಈ ಹುರಿ ಮಾತ್ರ ಅದೇ.

ಸಬೋನಿಸ್‌ಗೆ ಹದಿನೇಳು ಇದ್ದಾಗ ಏನು ಮಾಡುತ್ತಿದ್ದ ಗೊತ್ತಾ? 1982ರಲ್ಲಿ ಸೋವಿಯತ್ ತಂಡದ ಜೊತೆ ಅಮೆರಿಕಕ್ಕೆ ಹೋಗಿ, ಅಲ್ಲಿನ ದೈತ್ಯ ಕಾಲೇಜು ಆಟಗಾರ ರಾಲ್ಫ್ ಸ್ಯಾಂಪ್ಸನ್ ಎದುರು ಆಡುತ್ತಿದ್ದ. ಮುಂದಿನ ಇಪ್ಪತ್ತು ವರ್ಷ ಎಳೆಯಬೇಕಾಗಿದ್ದ ಹುರಿ ಅಷ್ಟು ಹೊತ್ತಿಗಾಗಲೇ ಹೊಸೆದು ಮುಗಿದಿತ್ತು.

ಅವನ ಎತ್ತರವೂ ಅವನ ಹುರಿಗೆ ಎದುರಾಳಿಯೇ. 1638ರಲ್ಲೇ ಗೆಲಿಲಿಯೋ ಈ ಲೆಕ್ಕ ತೋರಿಸಿದ್ದ. 1.70 ಮೀಟರಿನ, 65 ಕಿಲೋ ತೂಕದ ಒಬ್ಬನನ್ನು ಆಕಾರ ಕೆಡದಂತೆ 2.21 ಮೀಟರಿಗೆ ಹಿಗ್ಗಿಸಿ. ಎತ್ತರ 1.3 ಪಟ್ಟು. ತೂಕ ಮಾತ್ರ 2.2 ಪಟ್ಟು, ಅಂದರೆ 143 ಕಿಲೋ! ಹುರಿಯನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ ಬರೀ 1.7 ಪಟ್ಟು. ಅಂದರೆ ಒಂದೊಂದು ಎಳೆಯ ಮೇಲೂ ಮೂವತ್ತು ಶೇಕಡಾ ಜಾಸ್ತಿ ಎಳೆತ. ಮಗು ಎತ್ತರ ಆಗಲಿ ಅಂತ ಪುಡಿ ಕುಡಿಸುವವರು ಒಮ್ಮೆ ಈ ಲೆಕ್ಕ ಮಾಡಿ ನೋಡಲಿ. (ಪುಡಿಯಿಂದ ಎತ್ತರ ಆಗುತ್ತಾ ಅನ್ನೋದು ಬೇರೆ ಜಗಳ.)

1988ರಲ್ಲಿ ಆ ಕಾಲಿನ ಆರೈಕೆಗೆ ಸಬೋನಿಸ್ ಪೋರ್ಟ್‌ಲ್ಯಾಂಡ್‌ಗೆ ಹೋದ. ಅವನನ್ನು 1986ರಲ್ಲೇ ಆರಿಸಿಕೊಂಡಿದ್ದ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ತಂಡದ ಊರು ಅದು. ಎದುರಾಳಿಯ ಕಾಲನ್ನು ನಾವೇ ಸರಿಮಾಡಿ ಕಳಿಸುವುದೇ ಅಂತ ಅಮೆರಿಕದಲ್ಲಿ ಕೆಲವರು ಗೊಣಗಿದರು. ಗೊಣಗಿದ್ದು ಸುಮ್ನೆ ಅಲ್ಲ: ಅದೇ ವರ್ಷ ಸೋಲ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಸೋವಿಯತ್ ತಂಡ ಅಮೆರಿಕವನ್ನು 82–76ರಿಂದ ಸೋಲಿಸಿತು, ಆಮೇಲೆ ಚಿನ್ನವನ್ನೂ ಗೆದ್ದಿತು. ಸೋವಿಯತ್ ಅನ್ನುತ್ತೇವೆ, ಆದರೆ ತಂಡದ ಮುಖ್ಯ ಆಟಗಾರರಲ್ಲಿ ನಾಲ್ವರು ಲಿಥುವೇನಿಯಾದವರು. 1992ರ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಲಿಥುವೇನಿಯಾದ ಪರ ಗೆದ್ದ ಕಂಚು ಅವರಿಗೆ ಆ ಚಿನ್ನಕ್ಕಿಂತ ಹೆಚ್ಚಿನದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಸ್ಪೇನ್‌ನಲ್ಲಿ ಆರು ವರ್ಷ ಆಡಿ, 1995ರಲ್ಲಿ ಕೊನೆಗೂ ಪೋರ್ಟ್‌ಲ್ಯಾಂಡ್ ತಂಡ ಸೇರುವಾಗ ವಯಸ್ಸು ಮೂವತ್ತು. ಅವನ ಎಕ್ಸ್‌ರೇ ನೋಡಿದ ತಂಡದ ವೈದ್ಯರು, ಇದೊಂದನ್ನೇ ತೋರಿಸಿ ಅಂಗವಿಕಲರ ಪಾರ್ಕಿಂಗ್ ಜಾಗ ಕೇಳಬಹುದು ಎಂದರಂತೆ. ಚಾಟರ್‌ಬಿಲ್ಲಿನ ರಬ್ಬರ್ ಸಡಿಲವಾಗಿತ್ತು, ಮೊದಲಿನ ಜಿಗಿತ ಇರಲಿಲ್ಲ. ನಿಂತಲ್ಲೇ ನಿಂತು, ಓಡುವವರನ್ನು ಓಡಲು ಬಿಟ್ಟು, ಅವರ ಕೈಗೆ ಚೆಂಡು ಸೇರಿಸುವ ಆಟಕ್ಕೆ ಒಗ್ಗಿಕೊಂಡ. ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 14.5 ಅಂಕ. 2003ರಲ್ಲಿ ಕೌನಾಸ್‌ಗೆ ಮರಳಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಜಲ್ಗಿರಿಸ್ ಪರ ಯುರೋಪಿನ ದೊಡ್ಡ ಕ್ಲಬ್‌ಗಳ ಪಂದ್ಯಾವಳಿಯಾದ ಯೂರೋಲೀಗ್‌ನಲ್ಲಿ ಆಡಿದ, 1980ರ ದಶಕದಲ್ಲಿ ಎರಡು ಸಲ ಹರಿದಿದ್ದ ಅದೇ ಹುರಿಯ ಮೇಲೆ.