ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿದರೆ ತೂಕ, ಶುಗರ್ ಎರಡೂ ಇಳಿಯುತ್ತವಾ?

ಪ್ರಶ್ನೆ: ನನಗೆ ನಲವತ್ತು ದಾಟಿದೆ. ಹೊಟ್ಟೆ ಬಂದಿದೆ. ಶುಗರ್ ಬಾರ್ಡರ್‌ನಲ್ಲಿದೆ, ತೂಕ ಇಳಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ಅನ್ನ ಪೂರ್ತಿ ಬಿಟ್ಟು ಬರೀ ಜೋಳದ ರೊಟ್ಟಿ ಉಂಡರೆ ಸಾಕಾ?

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯವರು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಇದನ್ನೇ. ನೇರವಾಗಿ ಹೇಳುತ್ತೇನೆ. ರೊಟ್ಟಿ ಒಳ್ಳೆಯದು, ಉಣ್ಣಿ. ಆದರೆ ಅನ್ನ ಇದ್ದ ಜಾಗಕ್ಕೆ ಅಷ್ಟೇ ರೊಟ್ಟಿ ಬಂದರೆ ತೂಕದಲ್ಲಿ ದೊಡ್ಡ ಫರಕು ಕಾಣುವುದಿಲ್ಲ. ತಾಟಿನಲ್ಲಿ ಧಾನ್ಯದ ಒಟ್ಟು ಪಾಲೇ ಕಡಿಮೆ ಆಗಬೇಕು. ಆ ಜಾಗಕ್ಕೆ ಕಾಳು, ಬೇಳೆ, ಮೊಸರು, ತಪ್ಪಲ ಪಲ್ಯ ಬರಬೇಕು.

ಲೆಕ್ಕ ನೋಡಿ. 100 ಗ್ರಾಂ ಬೆಳ್ಳಗಿನ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆಯ ಅಂಶ) ಇರುತ್ತದೆ. ಜೋಳದಲ್ಲಿ ಸುಮಾರು 68 ಗ್ರಾಂ. ಕ್ಯಾಲೊರಿಯಲ್ಲೂ ಅಂತರ ಸಣ್ಣದು: ಅಕ್ಕಿಗೆ 356, ಜೋಳಕ್ಕೆ 334. ಜೋಳ ನಿಜವಾಗಿ ಗೆಲ್ಲುವುದು ನಾರಿನಲ್ಲಿ. ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ ನಾರು, ಜೋಳದಲ್ಲಿ 10 ಗ್ರಾಂ. ಪ್ರೋಟೀನ್ ಕೂಡ ಸ್ವಲ್ಪ ಜಾಸ್ತಿ. ಅದಕ್ಕೇ ರೊಟ್ಟಿ ಉಂಡರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತೆ ಇರುತ್ತದೆ.

ಈಗ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಅಂತ ಇಟ್ಟುಕೊಳ್ಳಿ. ನಾಲ್ಕು ರೊಟ್ಟಿ ಉಂಡರೆ 135 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಯಿತು. 170 ಗ್ರಾಂ ಅಕ್ಕಿಯ ಅನ್ನ ಉಂಡರೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕಡೆ ಊಟ ಅಲ್ಲಿಗೆ ನಿಲ್ಲುವುದೂ ಇಲ್ಲ. ರೊಟ್ಟಿ ಆದ ಮೇಲೆ ಒಂದಿಷ್ಟು ಅನ್ನ ಸಾರು, ಕೊನೆಗೆ ಮಜ್ಜಿಗೆ ಅನ್ನ. ಅದಿಲ್ಲದಿದ್ದರೆ ಊಟ ಮುಗಿದ ಹಾಗೆ ಅನ್ನಿಸುವುದಿಲ್ಲ, ಅಲ್ವಾ? ತೂಕ ಏರುವುದು ಈ ಎರಡನೇ ಸುತ್ತಿನಲ್ಲಿ.

ಇದಕ್ಕೆ ನಮ್ಮ ದೇಶದ್ದೇ ದೊಡ್ಡ ಆಧಾರ ಇದೆ. ಐಸಿಎಂಆರ್-ಇಂಡಿಯಾಬ್ ಎಂಬ ಸಮೀಕ್ಷೆ ದೇಶದ ಎಲ್ಲ ರಾಜ್ಯಗಳಲ್ಲೂ ನಡೆಯಿತು. 10 ಕೋಟಿಗೂ ಹೆಚ್ಚು ಭಾರತೀಯರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಹೇಳಿದ್ದು ಇದೇ ಸಮೀಕ್ಷೆ. ಜನ ಏನು ಉಣ್ಣುತ್ತಾರೆ ಎಂಬ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರ ಕ್ಯಾಲೊರಿಯಲ್ಲಿ 100ಕ್ಕೆ ಸುಮಾರು 62 ಪಾಲು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತದೆ. ಹೀಗೆ ಜಾಸ್ತಿ ತಿನ್ನುವವರಲ್ಲಿ ಸಕ್ಕರೆ ಕಾಯಿಲೆಯೂ ಜಾಸ್ತಿ. ನಿಮ್ಮ ಪ್ರಶ್ನೆಗೆ ಬೇಕಾದ ಮಾತು ಇನ್ನೊಂದಿದೆ. ಕಾರ್ಬೋಹೈಡ್ರೇಟ್‌ನ ಒಟ್ಟು ಪಾಲು ಇಳಿಸದೆ, ಬೆಳ್ಳಗಿನ ಅಕ್ಕಿಯಂಥದರ ಜಾಗಕ್ಕೆ ಗೋಧಿ ಹಿಟ್ಟನ್ನೋ ಜೋಳದಂಥ ಸಿರಿಧಾನ್ಯದ ಹಿಟ್ಟನ್ನೋ ತಂದು ಲೆಕ್ಕ ಹಾಕಿದಾಗ ಕಾಯಿಲೆಯ ಅಪಾಯ ಕಡಿಮೆ ಕಾಣಲಿಲ್ಲ. ಕಾರ್ಬೋಹೈಡ್ರೇಟ್‌ನ ಒಂದು ಪಾಲು ತೆಗೆದು ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ತಂದಾಗ ಕಡಿಮೆ ಕಂಡಿತು. ಇದು ಸಮೀಕ್ಷೆ, ಪ್ರಯೋಗ ಅಲ್ಲ. ಹಾಗಾಗಿ ಇದೊಂದರಿಂದಲೇ ಕಾರಣ ಸಾಬೀತಾಯಿತು ಎನ್ನಲು ಬರುವುದಿಲ್ಲ. ಆದರೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ 'ಸಿರಿಧಾನ್ಯ ಎಷ್ಟು ತಿಂದರೂ ನಡೆಯುತ್ತದೆ' ಎಂಬ ನಂಬಿಕೆ ಈಗ ಮನೆಮನೆಯಲ್ಲಿದೆ.

'ನಮ್ಮ ಅಜ್ಜ ಮೂರು ಹೊತ್ತೂ ರೊಟ್ಟಿ ಉಂಡು ಗಟ್ಟಿಯಾಗಿದ್ದರಲ್ಲ' ಎಂದು ಕೇಳುತ್ತೀರಿ. ಹೌದು, ಇದ್ದರು. ತುಂಗಭದ್ರಾ ಕಾಲುವೆ ಬರುವ ಮುಂಚೆ ಈ ನೆಲದ ಊಟವೇ ಜೋಳ, ಸಜ್ಜೆ. ಅಕ್ಕಿ ಹಬ್ಬಕ್ಕೆ. ಆದರೆ ಅಜ್ಜ ದಿನವಿಡೀ ಎತ್ತಿನ ಹಿಂದೆ ನಡೆದರು. ಅಜ್ಜಿ ಕಸ ತೆಗೆದರು, ನೀರು ಹೊತ್ತರು, ಬೀಸಿದರು, ಕುಟ್ಟಿದರು. ಉಂಡದ್ದೆಲ್ಲ ದುಡಿಮೆಗೇ ಖರ್ಚಾಗುತ್ತಿತ್ತು. ಇವತ್ತು ಭತ್ತ ನಾಟಿಯಿಂದ ಕೊಯ್ಲಿನ ತನಕ ಎಷ್ಟೋ ಕೆಲಸ ಯಂತ್ರದ್ದು. ಹೊಲಕ್ಕೆ ಹೋಗುವುದೂ ಬೈಕಿನಲ್ಲಿ. ಅಂಗಡಿ, ಆಫೀಸಿನಲ್ಲಿ ಕೂತವರ ಮಾತು ಬಿಡಿ.

ಖರ್ಚಾಗದೆ ಉಳಿದದ್ದು ಎಲ್ಲಿ ಹೋಗುತ್ತದೆ? ಒಂದು ಭಾಗ ಲಿವರ್‌ನಲ್ಲೇ ಕೊಬ್ಬಾಗಿ ಕೂರುತ್ತದೆ. ಲಿವರ್‌ನಲ್ಲಿ ಕೊಬ್ಬು ತುಂಬಿದರೆ ಅದು ಇನ್ಸುಲಿನ್ ಮಾತು ಕೇಳುವುದಿಲ್ಲ. ಆಗ ರಾತ್ರಿ ನಾವು ಮಲಗಿದ್ದಾಗಲೂ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. 'ರಾತ್ರಿ ಏನೂ ಉಂಡಿಲ್ಲ, ಆದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಯಾಕೆ ಜಾಸ್ತಿ' ಎಂದು ಕೇಳುವವರಿಗೆ ಉತ್ತರ ಬಹಳ ಸಲ ಇಲ್ಲೇ ಇರುತ್ತದೆ. ಲಿವರ್‌ನಿಂದ ಹೊರಬಿದ್ದ ಕೊಬ್ಬು ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿಯನ್ನೂ ಸೇರುತ್ತದೆ ಎನ್ನುತ್ತಾರೆ ಬ್ರಿಟನ್ನಿನ ನ್ಯೂಕ್ಯಾಸಲ್‌ನ ಪ್ರೊಫೆಸರ್ ರಾಯ್ ಟೇಲರ್.

ಅವರು ಮತ್ತು ಗ್ಲಾಸ್ಗೋದ ಮೈಕ್ ಲೀನ್ ಸೇರಿ ನಡೆಸಿದ 'ಡೈರೆಕ್ಟ್' ಎಂಬ ಹೆಸರಿನ ಪ್ರಯೋಗದ ಫಲ 2017ರಲ್ಲಿ ಹೊರಬಂತು. ಸಕ್ಕರೆ ಕಾಯಿಲೆ ಬಂದು 6 ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದ ಸುಮಾರು 300 ಜನ. ಅವರಲ್ಲಿ ಅರ್ಧದಷ್ಟು ಮಂದಿಗೆ 3ರಿಂದ 5 ತಿಂಗಳು ದಿನಕ್ಕೆ ಬರೀ 825ರಿಂದ 853 ಕ್ಯಾಲೊರಿ ಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ 100ಕ್ಕೆ 46 ಜನರ ಶುಗರ್ ಔಷಧಿ ಇಲ್ಲದೆಯೂ ಕಾಯಿಲೆಯ ಮಟ್ಟಕ್ಕಿಂತ ಕೆಳಗಿತ್ತು. ಎಂದಿನ ಚಿಕಿತ್ಸೆಯಲ್ಲಿದ್ದ ಗುಂಪಿನಲ್ಲಿ ಹಾಗಾದದ್ದು 100ಕ್ಕೆ 4 ಜನರಿಗೆ ಮಾತ್ರ. 15 ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಂತೂ 100ಕ್ಕೆ 86. ಎರಡನೇ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿಯಿತು. ಇಳಿದ ತೂಕವನ್ನು ಉಳಿಸಿಕೊಳ್ಳುವುದು ಅಷ್ಟು ಕಷ್ಟ. ಇದನ್ನು ಮನೆಯಲ್ಲಿ ಸ್ವಂತಕ್ಕೆ ಮಾಡಬೇಡಿ, ದಯವಿಟ್ಟು. ಅಲ್ಲಿ ವೈದ್ಯಕೀಯ ತಂಡದ ಉಸ್ತುವಾರಿ ಇತ್ತು, ಔಷಧಿಗಳನ್ನು ಮೊದಲೇ ಲೆಕ್ಕ ಹಾಕಿ ನಿಲ್ಲಿಸಿದ್ದರು.

ಹಾಗಾದರೆ ಯಾವ ಡಯಟ್ ಒಳ್ಳೆಯದು? ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಮಾಡುವ ಕೀಟೊ? ಎಣ್ಣೆ ಬಿಡುವುದು? ರಾತ್ರಿ ಊಟ ಬಿಡುವುದು? ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು ಒಂದು ವರ್ಷ ನೋಡಿತು. ಅರ್ಧ ಜನಕ್ಕೆ ಕೊಬ್ಬು ಕಡಿಮೆ, ಉಳಿದವರಿಗೆ ಕಾರ್ಬೋಹೈಡ್ರೇಟ್ ಕಡಿಮೆ. ಸಕ್ಕರೆ, ಮೈದಾ ಬಿಡಿ, ತರಕಾರಿ ಜಾಸ್ತಿ ತಿನ್ನಿ ಎಂದು ಇಬ್ಬರಿಗೂ ಹೇಳಿದ್ದರು. ಮೊದಲ ಗುಂಪು ಸರಾಸರಿ 5.3 ಕಿಲೊ ಇಳಿಯಿತು, ಎರಡನೆಯದು 6 ಕಿಲೊ. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವೇ ಅಲ್ಲ. ಆದರೆ ಎರಡೂ ಗುಂಪಿನೊಳಗೆ ಕೆಲವರು ಬಹಳ ಇಳಿದರು, ಕೆಲವರು ಏರಿದರು. ಹೊತ್ತು ನೋಡಿ ಉಣ್ಣುವ ಪದ್ಧತಿಯೂ ಹೀಗೆಯೇ. ಚೀನಾದ ಗ್ವಾಂಗ್‌ಝೌನಲ್ಲಿ 139 ಜನರ ಮೇಲೆ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಕ್ಯಾಲೊರಿ ಕಡಿಮೆ ಮಾಡಿದ್ದರು. ದಿನದ ಊಟವನ್ನೆಲ್ಲ 8 ಗಂಟೆಗಳ ಅವಧಿಯೊಳಗೇ ಮುಗಿಸಿದವರಿಗೆ ಅದರಿಂದ ಖಚಿತವಾದ ಹೆಚ್ಚಿನ ಲಾಭ ಕಾಣಲಿಲ್ಲ. ರಾತ್ರಿ ಬೇಗ ಉಂಡರೆ ನಿಮಗೆ ಕಡಿಮೆ ಉಣ್ಣಲು ಸುಲಭ ಆಗುತ್ತದಾ? ಮಾಡಿ. ಇಲ್ಲದಿದ್ದರೆ ಅದಕ್ಕಾಗಿ ಒದ್ದಾಡಬೇಡಿ.

ಈಗ ನಮ್ಮ ತಾಟಿಗೆ ಬರೋಣ. ನಾಲ್ಕು ರೊಟ್ಟಿ ಉಣ್ಣುವವರು ಎರಡಕ್ಕೆ ಇಳಿಯಿರಿ. ಜೊತೆಗೆ ಒಂದು ಬಟ್ಟಲು ತುಂಬ ಕಾಳು ಪಲ್ಯ: ಹೆಸರು, ಮಡಿಕೆ, ಹುರುಳಿ, ಕಡಲೆ, ಯಾವುದಾದರೂ ಸರಿ. ಕಾಳು ಇಲ್ಲದ ದಿನ ಗಟ್ಟಿ ಬೇಳೆ ಅಥವಾ ಝುಣಕ. ತಾಟಿನ ಅರ್ಧ ಜಾಗ ತರಕಾರಿಗೆ. ಪುಂಡಿಪಲ್ಯ, ರಾಜಗಿರಿ, ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಸೌತೆಕಾಯಿ. ರೊಟ್ಟಿಯ ಜೊತೆ ಹಸಿ ತಪ್ಪಲು ತಿನ್ನುವ ಒಳ್ಳೆಯ ರೂಢಿ ನಮ್ಮ ಕಡೆ ಮೊದಲಿನಿಂದ ಇದೆ, ಅದನ್ನು ಬಿಡಬೇಡಿ. ಮೊಸರು ಇರಲಿ. ತಿನ್ನುವವರಾದರೆ ಮೊಟ್ಟೆ, ಮೀನು ಕೂಡ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಪ್ರೋಟೀನ್ ಮತ್ತು ಮೈಮುರಿದು ಮಾಡುವ ಕೆಲಸ ಅದನ್ನು ತಡೆಯುತ್ತವೆ.

ಅನ್ನ ಪೂರ್ತಿ ಬಿಡಬೇಕಿಲ್ಲ. ಸೋನಾ ಮಸೂರಿ ಬೆಳೆಯುವ ಊರಿನಲ್ಲಿದ್ದು ಜನ್ಮಪೂರ್ತಿ ಅನ್ನ ಮುಟ್ಟುವುದಿಲ್ಲ ಎಂಬ ಶಪಥ ಬಹಳ ದಿನ ನಿಲ್ಲುವುದಿಲ್ಲ. ರೊಟ್ಟಿ ಉಂಡ ಹೊತ್ತು ಅನ್ನ ಬೇಡ, ಅನ್ನ ಉಂಡ ಹೊತ್ತು ರೊಟ್ಟಿ ಬೇಡ. ಇದೊಂದನ್ನೇ ಪಾಲಿಸಿದರೂ ಎಷ್ಟೋ ಮನೆಗಳಲ್ಲಿ ಧಾನ್ಯ ತಾನಾಗಿ ಕಡಿಮೆ ಆಗುತ್ತದೆ.

ಎಣ್ಣೆಯ ಮೇಲೂ ಕಣ್ಣಿರಲಿ. ಶೇಂಗಾ ಚಟ್ನಿಯಲ್ಲಿ ಪ್ರೋಟೀನ್ ಇದೆ, ನಿಜ. ಆದರೆ 100 ಗ್ರಾಂ ಶೇಂಗಾದಲ್ಲಿ 500ಕ್ಕಿಂತ ಜಾಸ್ತಿ ಕ್ಯಾಲೊರಿ. ಒಂದು ಚಮಚ ಸಾಕು. ಬೆಳಿಗ್ಗೆ ಹೋಟೆಲಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಹಗುರ ನಾಷ್ಟಾ ಅನ್ನಿಸುತ್ತದೆ. ಮಂಡಕ್ಕಿಯೂ ಅಕ್ಕಿಯದೇ, ಮಿರ್ಚಿ ಕರಿದದ್ದು. ಅದನ್ನು ವಾರಕ್ಕೊಮ್ಮೆ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕೈದು ಸಲ ಕುಡಿಯುವ ಸಿಹಿ ಚಹಾದ ಸಕ್ಕರೆಯನ್ನೂ ಸೇರಿಸಿ ಲೆಕ್ಕ ಹಾಕಿ.

ಮೂರು ತಿಂಗಳು ಚೆನ್ನಾಗಿ ಇಳಿದು ಆಮೇಲೆ ಹಸಿವು ವಿಪರೀತ ಆದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಮೆಲ್ಬರ್ನ್‌ನ ಸಂಶೋಧಕರು 2011ರಲ್ಲಿ ಇದನ್ನು ತೋರಿಸಿದ್ದಾರೆ. ತೂಕ ಇಳಿಸಿ ಒಂದು ವರ್ಷ ಕಳೆದರೂ ಹಸಿವನ್ನು ಏರಿಸುವ, ಇಳಿಸುವ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅದು ದೇಹದ ಕೆಲಸ, ಮನಸ್ಸಿನ ಸೋಲು ಅಲ್ಲ. ಆ ಹೊತ್ತಿಗೆ ಬೇಕಾಗುವುದು ಮನೆಯವರ ಸಹಕಾರ. ಒಬ್ಬರಿಗೆ ಮಾತ್ರ ಬೇರೆ ಅಡುಗೆ ಅಂದರೆ ಅದು ನಡೆಯುವುದಿಲ್ಲ. ಇಡೀ ಮನೆಯ ತಾಟು ಬದಲಾಗಲಿ.

'ನಾನು ಸಣ್ಣಗೇ ಇದ್ದೇನೆ, ನನಗೇಕೆ' ಎನ್ನುವವರಿಗೂ ಒಂದು ಮಾತು. ನಮ್ಮವರಲ್ಲಿ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ ಇರುವವರು ಜಾಸ್ತಿ. ಟೇಪು ತೆಗೆದು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ತೂಕ ಹೆಚ್ಚು ಇಳಿಯದಿದ್ದರೂ ಲಾಭ ಇದೆ. ಚೆನ್ನೈನ ಡಾ. ರಾಮಚಂದ್ರನ್ ತಂಡ ಬಾರ್ಡರ್‌ನಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಫಲ ಪ್ರಕಟಿಸಿತು. ಸುಮ್ಮನೆ ಬಿಟ್ಟವರಲ್ಲಿ 100ಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ಊಟ, ನಡಿಗೆ ಬದಲಿಸಿದವರಲ್ಲಿ 100ಕ್ಕೆ 39 ಜನರಿಗೆ. ತೂಕದಲ್ಲಿ ದೊಡ್ಡ ಬದಲಾವಣೆ ಆಗದೆಯೇ ಈ ಫಲ ಸಿಕ್ಕಿತು. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ ನಡೆದು ಮುಗಿಸಿ. ಆಗದಿದ್ದರೆ ಊಟ ಆದ ಮೇಲೆ ಮನೆಯ ಮುಂದೆಯೇ ಹತ್ತು ಹದಿನೈದು ನಿಮಿಷ ಅಡ್ಡಾಡಿ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಮೇಲೆ ಇರುವವರು ರೊಟ್ಟಿ, ಅನ್ನ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಊಟ ಕಡಿಮೆಯಾಗಿ ಮಾತ್ರೆ ಅಷ್ಟೇ ಉಳಿದರೆ, ಅದರಲ್ಲೂ ಗ್ಲಿಮೆಪಿರೈಡ್‌ನಂಥ ಮಾತ್ರೆಯಾದರೆ, ಶುಗರ್ ದಿಢೀರ್ ಕುಸಿಯಬಹುದು. ಕೈ ನಡುಗುವುದು, ಬೆವರು, ತಲೆ ಸುತ್ತು ಬಂದರೆ ತಕ್ಷಣ ಸಕ್ಕರೆ ನೀರು ಕುಡಿದು ಆಸ್ಪತ್ರೆಗೆ ಹೋಗಿ. ಕಿಡ್ನಿ ತೊಂದರೆ ಇರುವವರು, ಬಸುರಿಯರು, ಎದೆಹಾಲು ಕುಡಿಸುವವರು ಇಲ್ಲಿ ಹೇಳಿದ್ದನ್ನು ಡಾಕ್ಟರನ್ನು ಕೇಳದೆ ಮಾಡಬಾರದು. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ತಪಾಸಣೆ ಉಚಿತವಾಗಿ ಆಗುತ್ತದೆ. ಊಟ ಬದಲಿಸುವ ಮುಂಚೆ ಒಮ್ಮೆ ನೋಡಿಸಿ ಬರೆದಿಟ್ಟುಕೊಳ್ಳಿ, ಮೂರು ತಿಂಗಳಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ) ಪರೀಕ್ಷೆಯ ಜೊತೆ ಮತ್ತೆ ನೋಡಿಸಿ.