ಮೊಣಕಾಲಿಗೆ ಸ್ಟೆಮ್ ಸೆಲ್ ಸೂಜಿ: ಹಣ ಕಟ್ಟುವ ಮುಂಚೆ

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಕಲಬುರಗಿಯ ನಮ್ಮ ಓಪಿಡಿಯಲ್ಲಿ ಮೊಣಕಾಲು ನೋವಿನವರು ಜಾಸ್ತಿ. ಜೊತೆಗೆ ಬಂದ ಮಕ್ಕಳು ಮೊಬೈಲ್ ತೋರಿಸಿ ಈಚೆಗೆ ಕೇಳುವುದು ಇದನ್ನೇ: "ಅವ್ವಗ ಸ್ಟೆಮ್ ಸೆಲ್ ಸೂಜಿ ಹಾಕಿಸಿದ್ರ ಆಪರೇಷನ್ ತಪ್ತದೇನ್ರಿ ಡಾಕ್ಟ್ರೇ? ಗಾದಿ ಹೊಸದಾಗಿ ಬೆಳೀತದಂತ."

ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಅದರ ಸೂಜಿಯಿಂದ ನೋವು ಸ್ವಲ್ಪ ಇಳಿಯಬಹುದು. ಸವೆದ ಗಾದಿ ಮತ್ತೆ ಬೆಳೆಯುತ್ತದೆ ಅನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಇವೆರಡೂ ಬೇರೆ ಬೇರೆ ಮಾತು. ಜಾಹೀರಾತಿನಲ್ಲಿ ಎರಡನ್ನೂ ಒಂದೇ ಮಾಡಿ ಹೇಳುತ್ತಾರೆ, ನನ್ನ ಸಿಟ್ಟು ಇರುವುದೇ ಅಲ್ಲಿ.

ನಾವು ಗಾದಿ ಅನ್ನುವುದು ಮೂಳೆಗಳ ತುದಿಗೆ ಅಂಟಿಕೊಂಡ ನುಣುಪಾದ ಪದರ, ಕಾರ್ಟಿಲೇಜ್. ಅದಕ್ಕೆ ರಕ್ತನಾಳಗಳೇ ಇಲ್ಲ. ಚರ್ಮ ಕೊಯ್ದರೆ ಕೂಡಿಕೊಳ್ಳುತ್ತದೆ, ಮೂಳೆ ಮುರಿದರೂ ಕೂಡಿಕೊಳ್ಳುತ್ತದೆ, ಇದು ಕೂಡಿಕೊಳ್ಳುವುದು ಕಷ್ಟ. ಸವಕಳಿ ಅಂದರೆ ಗಾದಿಯದ್ದೊಂದೇ ತೊಂದರೆಯೂ ಅಲ್ಲ. ಕೀಲಿನ ಒಳಪದರ ಬಾಯುತ್ತದೆ, ಅಂಚಿನಲ್ಲಿ ಮೂಳೆ ಬೆಳೆಯುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ.

ಸೂಜಿಯಲ್ಲಿ ಹಾಕುವ ಕೋಶಗಳು ಒಳಗೆ ಹೋಗಿ ಹೊಸ ಗಾದಿಯಾಗಿ ಕೂರುತ್ತವೆ ಅಂತ ಜನ ನಂಬಿದ್ದಾರೆ. ಹೆಚ್ಚಿನ ಕೋಶಗಳು ಅಲ್ಲಿ ಜಾಸ್ತಿ ದಿನ ಉಳಿಯುವುದೇ ಇಲ್ಲ. ಇರುವಷ್ಟು ದಿನ ಕೆಲವು ರಾಸಾಯನಿಕಗಳನ್ನು ಬಿಟ್ಟು ಬಾವು ಇಳಿಸುತ್ತವೆ. 1991ರಲ್ಲಿ ಇವುಗಳಿಗೆ 'ಮೆಸೆಂಕೈಮಲ್ ಸ್ಟೆಮ್ ಸೆಲ್' ಅಂತ ಹೆಸರಿಟ್ಟ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಈ ಹೆಸರು ಬದಲಿಸಿ ಎಂದು ಬರೆದರು. ಹೆಸರು ನೋಡಿ ಹೊಸ ಅಂಗಾಂಶ ಬೆಳೆಯುತ್ತದೆ ಅಂತ ರೋಗಿಗಳು ತಪ್ಪು ತಿಳಿಯುತ್ತಾರೆ ಅನ್ನುವುದು ಅವರ ಕಳವಳ.

ಈ ಕೋಶಗಳನ್ನು ಸೊಂಟದ ಮೂಳೆಯ ಮಜ್ಜೆಯಿಂದ, ಹೊಟ್ಟೆಯ ಕೊಬ್ಬಿನಿಂದ ಅಥವಾ ಹೊಕ್ಕುಳ ಬಳ್ಳಿಯಿಂದ ತೆಗೆಯುತ್ತಾರೆ. ಅಮೆರಿಕದಲ್ಲಿ ಈ ಮೂರನ್ನೂ ಬಾವು ಇಳಿಸುವ ಸಾಮಾನ್ಯ ಸ್ಟಿರಾಯ್ಡ್ ಸೂಜಿಯ ಜೊತೆ ಹೋಲಿಸಿ ನೋಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಸುಮಾರು 475 ರೋಗಿಗಳು. ಒಂದು ವರ್ಷದ ನಂತರ ನೋವಿನ ಲೆಕ್ಕದಲ್ಲಿ ಮೂರರಲ್ಲಿ ಒಂದೂ ಸ್ಟಿರಾಯ್ಡನ್ನು ಮೀರಿಸಲಿಲ್ಲ. ಸ್ಟಿರಾಯ್ಡ್ ಸೂಜಿಯ ಬೆಲೆ ಎಷ್ಟು, ಇದರ ಬೆಲೆ ಎಷ್ಟು ಅಂತ ನೀವೇ ವಿಚಾರಿಸಿ ನೋಡಿ. 2025ರಲ್ಲಿ, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 25 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ನೋವು, ಓಡಾಟ ಎರಡರಲ್ಲೂ ಅಲ್ಪ ಲಾಭ ಇರಬಹುದು, ಆದರೆ ಪುರಾವೆ ದುರ್ಬಲ ಅಂದರು. ಮೊಣಕಾಲಿಗೆ ಬರೀ ಉಪ್ಪುನೀರಿನ ಸೂಜಿ ಹಾಕಿದರೂ ಎಷ್ಟೋ ಜನರಿಗೆ ಕೆಲವು ತಿಂಗಳು ಹಗುರ ಅನ್ನಿಸುತ್ತದೆ. ಹಾಗಾಗಿ ಪಕ್ಕದ ಮನೆಯವರಿಗೆ ಗುಣ ಸಿಕ್ಕಿತು ಅನ್ನುವ ಮಾತು ಸುಳ್ಳಲ್ಲದಿದ್ದರೂ ಸಾಕಾಗುವುದಿಲ್ಲ.

ಹಾಗಂತ ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕುವುದೂ ನ್ಯಾಯವಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶಗಳ ಔಷಧಕ್ಕೆ 2022ರಲ್ಲಿ ದೇಶದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. 146 ರೋಗಿಗಳ ಪ್ರಯೋಗದಲ್ಲಿ ಒಂದು ವರ್ಷದ ಹೊತ್ತಿಗೆ ನೋವು ಇಳಿದಿತ್ತು, ಗಾದಿ ಇನ್ನಷ್ಟು ಕೆಟ್ಟಿರಲಿಲ್ಲ. ಅನುಮತಿ ಇರುವುದು ಎರಡು ಮತ್ತು ಮೂರನೇ ಹಂತದ ಸವಕಳಿಗೆ. ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿ, ಕಾಲು ಬಿಲ್ಲಿನಂತೆ ಬಾಗಿದ, ಕೊನೆಯದಾದ ನಾಲ್ಕನೇ ಹಂತದ ಅಜ್ಜಿಗೆ ಅಲ್ಲ. ಆದರೆ ಊರೂರಿಗೆ ಹೋಗಿ ಹಣ ಸುರಿದು ಬರುವವರಲ್ಲಿ ಜಾಸ್ತಿ ಜನ ಅಂಥವರೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಅನುಮತಿ ಇಲ್ಲದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ನೋಂದಾಯಿತ ಪ್ರಯೋಗದ ಹೊರಗೆ ಕೊಡುವುದು ಅನೈತಿಕ. ಪ್ರಯೋಗಕ್ಕೆ ಸೇರಿಸಿಕೊಂಡರೆ ರೋಗಿಯಿಂದ ಔಷಧದ ದುಡ್ಡು ಕೇಳುವಂತಿಲ್ಲ. ಆದ್ದರಿಂದ ಯಾರ ಕೋಶ, ಯಾವ ಔಷಧ, ಅನುಮತಿ ಪತ್ರ ಎಲ್ಲಿ, ನಮ್ಮ ಎಕ್ಸ್‌ರೇ ಎಷ್ಟನೇ ಹಂತ ಅಂತ ಕೇಳಿ. ಉತ್ತರ ಬರವಣಿಗೆಯಲ್ಲೇ ತಗೊಳ್ಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಇದಕ್ಕಾಗಿ ಹೊಲ ಒತ್ತೆ ಇಡಬೇಡಿ, ದಯವಿಟ್ಟು.

ಸೂಜಿ ಇರಲಿ ಬಿಡಲಿ, ತೊಡೆಯ ಸ್ನಾಯು ಬಲವಾಗಲೇಬೇಕು. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಹಿಡಿಯುವುದು ಎಲ್ಲರೂ ಮಾಡಬಹುದಾದ ವ್ಯಾಯಾಮ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ನಮ್ಮ ಕಡೆ ಹೆಂಗಸರು ನೆಲದ ಮೇಲೆ ಒಂದು ಕಾಲು ಮಡಚಿ ಕೂತು ರೊಟ್ಟಿ ಬಡಿಯುತ್ತಾರೆ, ಕುಕ್ಕರುಗಾಲಲ್ಲಿ ಕಳೆ ತೆಗೆಯುತ್ತಾರೆ. ಶಹಾಬಾದಿನ ಕಲ್ಲು ಕೆಲಸದವರದ್ದೂ ಅದೇ ಪಾಡು. ಒಲೆಯನ್ನು ಕಟ್ಟೆಗೆ ಏರಿಸಿ, ಶೌಚಕ್ಕೆ ಕಮೋಡ್ ಇಡಿಸಿ. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಕಡೆ ಅಲ್ಲ, ಇನ್ನೊಂದು ಕಡೆಯ ಕೈಯಲ್ಲಿ ಹಿಡಿಯಿರಿ. ಸಂಧಿ ಪೂರ್ತಿ ಹಾಳಾಗಿ ರಾತ್ರಿ ನಿದ್ದೆಯೂ ಇಲ್ಲದವರಿಗೆ ಕೀಲು ಬದಲಾವಣೆಯೇ ಸರಿಯಾದ ದಾರಿ, ಅದಕ್ಕೆ ಹೆದರಬೇಡಿ.

ಇಷ್ಟಾದರೂ ಸೂಜಿ ಹಾಕಿಸಿಕೊಂಡವರು ಒಂದು ವಿಷಯ ಮರೆಯಬಾರದು. ಒಂದೆರಡು ದಿನ ಬಾವು, ನೋವು ಇರುವುದು ಸಹಜ. ಮೊಣಕಾಲು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಕಾಲು ಊರಲಾಗದಷ್ಟು ನೋವಾದರೆ ಕೀಲಿನೊಳಗೆ ಸೋಂಕು ಆಗಿರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಇನ್ನೂ ಜಾಸ್ತಿ. ಸೂಜಿ ಹಾಕಿದ ಊರಿಗೇ ಹೋಗಬೇಕು ಅಂತ ಕಾಯದೆ, ಅವತ್ತೇ ಹತ್ತಿರದ ಆಸ್ಪತ್ರೆಗೆ ಬನ್ನಿ.