ಚದರದ ಲೆಕ್ಕ ಬಿಡಿ, ಟೇಪ್ ಹಿಡಿಯಿರಿ

ಮೈಸೂರಲ್ಲಿ ಮನೆ ಕಟ್ಟಿಸೋರು ಸಾಮಾನ್ಯವಾಗಿ ಮೊದಲು ಕೇಳೋದು ಇದನ್ನೇ: "ಸಾರ್, ಒಂದು ಚದರಕ್ಕೆ ಎಷ್ಟು ಮೂಟೆ ಸಿಮೆಂಟ್ ಬೇಕು?" ಮೇಸ್ತ್ರಿ ಬಾಯಿಲೆಕ್ಕದಲ್ಲಿ ಒಂದು ಹೇಳಿರುತ್ತಾರೆ, ಪಕ್ಕದ ಮನೆಯವರು ಇನ್ನೊಂದು. ಎರಡೂ ಸುಳ್ಳೇನಲ್ಲ, ಆದರೆ ಎರಡೂ ಬೇರೆ ಯಾರದೋ ಮನೆಯ ಲೆಕ್ಕ. ಚದರ ಅಂದ್ರೆ 100 ಚದರಡಿ, ಅಷ್ಟೇ. ಅದರಲ್ಲಿ ದಪ್ಪ ಎಲ್ಲಿದೆ?

30×40 ಸೈಟನ್ನೇ ತಗೊಳ್ಳಿ. ಸುತ್ತ ಜಾಗ ಬಿಟ್ಟು 25×36 ಅಡಿ ಮೋಲ್ಡ್ (ತಾರಸಿಯ ಕಾಂಕ್ರೀಟ್ ಸ್ಲ್ಯಾಬ್) ಬರುತ್ತೆ ಅಂತಿಟ್ಕೊಳ್ಳಿ. 900 ಚದರಡಿ, 5 ಇಂಚು ದಪ್ಪ, ಅಂದರೆ 375 ಘನ ಅಡಿ. ಮೆಟ್ಟಿಲಿಗೆ ಬಿಟ್ಟ 6×12 ಅಡಿ ಜಾಗಕ್ಕೆ 30 ಕಳೆಯಿರಿ. ಮೆಟ್ಟಿಲಿಗೆ ಬೇರೆ ಲೆಕ್ಕ ಹಾಕಬೇಕು. ಇನ್ನು ಬೀಮು. 15 ಇಂಚಿನ ಬೀಮಿನಲ್ಲಿ ಮೇಲಿನ 5 ಇಂಚು ಸ್ಲ್ಯಾಬಿನಲ್ಲೇ ಸೇರಿಹೋಗಿದೆ, ಕೆಳಗಿನ 10 ಇಂಚು ಮಾತ್ರ ಸೇರಿಸಬೇಕು. ಇದನ್ನು ಮರೆತು ಎರಡು ಸಲ ಎಣಿಸುವವರು ತುಂಬಾ ಜನ. 9 ಇಂಚು ಅಗಲದ ಬೀಮು ಒಟ್ಟು 180 ಅಡಿ ಇದ್ದರೆ ಸುಮಾರು 112 ಘನ ಅಡಿ. ಎಲ್ಲಾ ಸೇರಿ 457. ಒಂದು ಘನ ಮೀಟರಿಗೆ 35.3 ಘನ ಅಡಿ, ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ 13 ಘನ ಮೀಟರ್. ಕಬ್ಬಿಣದ ಜಾಗ ಕಳೀಬೇಕಾ ಅಂತ ಕೆಲವರು ಕೇಳ್ತಾರೆ. ಬೇಡ.

ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಆರ್‌ಸಿಸಿಗೆ (ಕಬ್ಬಿಣ ಹಾಕಿದ ಕಾಂಕ್ರೀಟಿಗೆ) ಎಂ20 ಅನ್ನೋ ಗಟ್ಟಿತನಕ್ಕಿಂತ ಕಡಿಮೆ ದರ್ಜೆ ಹಾಕುವಂತಿಲ್ಲ. ಸೈಟಲ್ಲೇ ಕಲಸೋದಾದರೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಮೂರು ಪಾಲು ಜಲ್ಲಿ. ಒಂದು ಘನ ಮೀಟರಿಗೆ ಅಂದಾಜು 8 ಮೂಟೆ ಸಿಮೆಂಟ್, 15 ಘನ ಅಡಿ ಸ್ಯಾಂಡ್, 30 ಘನ ಅಡಿ ಜಲ್ಲಿ. ನಮ್ಮ 13ಕ್ಕೆ 104 ಮೂಟೆ, ಎರಡು ಯೂನಿಟ್ (ಯೂನಿಟ್ ಅಂದರೆ 100 ಘನ ಅಡಿ) ಸ್ಯಾಂಡ್, ನಾಲ್ಕು ಯೂನಿಟ್ ಜಲ್ಲಿ. 457 ಅಡಿ ಕಾಂಕ್ರೀಟಿಗೆ 700 ಅಡಿ ಸಾಮಾನಾ ಅಂತ ಗಾಬರಿ ಆಗಬೇಡಿ, ಜಲ್ಲಿಯ ಸಂದಿಗೆ ಸ್ಯಾಂಡ್ ಇಳಿಯುತ್ತೆ, ಸ್ಯಾಂಡಿನ ಸಂದಿಗೆ ಸಿಮೆಂಟ್ ಇಳಿಯುತ್ತೆ, ನೀರು ಬಿದ್ದ ಮೇಲೆ ಎಲ್ಲಾ ಕುಗ್ಗುತ್ತೆ. ಒಣ ಸಾಮಾನು ಯಾವಾಗಲೂ ಒಂದೂವರೆ ಪಟ್ಟು ಬೇಕೇ ಬೇಕು. ಲೋಡ್ ಬಂದಾಗ ಲಾರಿಯ ತೊಟ್ಟಿ ಅಳೆಯಿರಿ. ಸ್ವಲ್ಪ ಒದ್ದೆ ಇರೋ ಸ್ಯಾಂಡ್ ಉಬ್ಬಿಕೊಂಡಿರುತ್ತೆ, ತೊಟ್ಟಿ ತುಂಬಿದಂತೆ ಕಂಡರೂ ಸ್ಯಾಂಡ್ ಕಡಿಮೆಯೇ.

ಇಷ್ಟು ನೀಟಾಗಿ ಲೆಕ್ಕ ಹಾಕಿದರೂ ಮೋಲ್ಡ್ ದಿನ ಯಾಕೆ ಸಾಲೋದಿಲ್ಲ? ಬಹುಪಾಲು ಅರ್ಧ ಇಂಚಿನಿಂದ. ಸೆಂಟ್ರಿಂಗ್ ಶೀಟು (ಕಾಂಕ್ರೀಟ್ ಹೊರೋಕೆ ಕೆಳಗೆ ಕಟ್ಟೋದು) ಮಧ್ಯದಲ್ಲಿ ಬಗ್ಗಿದ್ದರೆ, ಲೆವೆಲ್ ಸರಿ ನೋಡದಿದ್ದರೆ, 5 ಇಂಚು ಐದೂವರೆ ಆಗಿಬಿಡುತ್ತೆ. ಯಾರ ಕಣ್ಣಿಗೂ ಕಾಣಲ್ಲ. ಆದರೆ ಈ ಮನೆಗೆ ಅದೇ ಒಂದು ಘನ ಮೀಟರ್, 8 ಮೂಟೆ. ಸಾಮಾನು ಖಾಲಿಯಾಗಿ ಅರ್ಧಕ್ಕೆ ನಿಂತು, ಅಷ್ಟರಲ್ಲಿ ಹಾಕಿದ್ದು ಗಟ್ಟಿಯಾದರೆ ಆ ಕೂಡುಗೆರೆಯಲ್ಲೇ ಮುಂದೆ ನೀರು ಜಿನುಗೋದು. ಹಾಗಾಗಿ ಡ್ರಾಯಿಂಗ್ ನೋಡಿ ಆರ್ಡರ್ ಕೊಡಬೇಡಿ. ಸೆಂಟ್ರಿಂಗ್ ಮುಗಿದ ಮೇಲೆ ಎಂಟ್ಹತ್ತು ಕಡೆ ಅಳೆದು, ಆಮೇಲೆ ಕೊಡಿ.

ಪಾಯದಲ್ಲಿ ಇದು ಇನ್ನೂ ಜಾಸ್ತಿ. ಡ್ರಾಯಿಂಗಲ್ಲಿ ಬೆಡ್ಡು (ಗುಂಡಿಯ ತಳಕ್ಕೆ ಹಾಕೋ ಕಾಂಕ್ರೀಟ್) 5×5 ಅಡಿ, ಜೆಸಿಬಿ ತೋಡೋದು 6×6. ನಾಲ್ಕು ಇಂಚಿನ ಬೆಡ್ಡಿಗೆ 8 ಘನ ಅಡಿ ಅಂದುಕೊಂಡಿದ್ದು 12 ಆಗುತ್ತೆ, ಅದೂ ಒಂದೊಂದು ಗುಂಡಿಗೂ. ಮಂಡ್ಯ ಕಡೆ ನಾಲೆ ನೀರಿನ ಗದ್ದೆ ಬಯಲನ್ನೇ ಲೇಔಟ್ ಮಾಡಿರೋ ಜಾಗದಲ್ಲಿ ಗುಂಡಿಯ ಅಂಚು ಕುಸಿದು ಇನ್ನಷ್ಟು ಅಗಲವಾಗುತ್ತೆ. ಬೆಡ್ಡಿಗೂ ಬದಿಗೆ ಹಲಗೆ ಕಟ್ಟಿಸಿ, ಆ ಖರ್ಚು ಉಳಿದ ಕಾಂಕ್ರೀಟಲ್ಲೇ ವಾಪಸ್ ಬರುತ್ತೆ.

ರೆಡಿಮಿಕ್ಸ್ (ಪ್ಲಾಂಟಲ್ಲೇ ಕಲಸಿ ಗಾಡಿಯಲ್ಲಿ ತರೋ ಕಾಂಕ್ರೀಟ್) ತರಿಸೋದಾದರೆ ನೂರಕ್ಕೆ ಐದು ಜಾಸ್ತಿ ಇಟ್ಕೊಳ್ಳಿ, 13 ಹೋಗಿ ಹದಿಮೂರೂವರೆ ದಾಟುತ್ತೆ. 6 ಘನ ಮೀಟರಿನ ಎರಡು ಗಾಡಿ ಪೂರ್ತಿ ತರಿಸಿ, ಮೂರನೆಯದಕ್ಕೆ ಎಷ್ಟು ಅಂತ ಮೊದಲೇ ಹೇಳಬೇಡಿ, ಆಮೇಲೆ ಹೇಳ್ತೀವಿ ಅಂತ ಪ್ಲಾಂಟಿನವರ ಹತ್ತಿರ ಮೊದಲೇ ಒಪ್ಪಿಸಿಕೊಳ್ಳಿ. ಎರಡನೇ ಗಾಡಿ ಇನ್ನೇನು ಖಾಲಿಯಾಗೋ ಹೊತ್ತಿಗೆ ಉಳಿದ ಜಾಗ ಟೇಪಲ್ಲಿ ಅಳೆದು, ಬೀಮು ಬಾಕಿ ಇದ್ದರೆ ಅದನ್ನೂ ಸೇರಿಸಿ, ಆಗ ಫೋನ್ ಮಾಡಿ.